ಕಲೆ ತೆಗೆಯುವುದು, ಬಣ್ಣ ಹಾಕುವುದು

ಹಳೆಯ ಇಳಕಲ್ ಸೀರೆಗೆ ಕಲೆ ಬಿದ್ದರೆ ತೊಳೆಯುತ್ತೇವೆ. ಮಾಸಿದ್ದರೆ ಬಣ್ಣ ಹಾಕಿಸುತ್ತೇವೆ. ಎರಡಕ್ಕೂ ‘ಸೀರೆ ಹೊಸದಾಯಿತು’ ಎಂದೇ ಅನ್ನುತ್ತೇವೆ. ಆದರೆ ಎರಡೂ ಒಂದೇ ಕೆಲಸವೇ? ಹಳೆಯ ಸಿನಿಮಾಗಳನ್ನು ದುರಸ್ತಿ ಮಾಡುವವರ ವಿಷಯ ಓದುವಾಗ ನನಗೆ ಈ ಪ್ರಶ್ನೆ ಏಳುತ್ತದೆ.

ರೀಲಿನಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು. ಎರಡು ಗಂಟೆಯ ಸಿನಿಮಾ ಎಂದರೆ 1,72,800. ನೆಗೆಟಿವನ್ನು ಶುಚಿಮಾಡಿ, ಒಂದೊಂದೇ ಚಿತ್ರವನ್ನು ಸ್ಕ್ಯಾನ್ ಮಾಡಿ, ಗೀರು ಧೂಳು ಅಳಿಸಿ, ಧ್ವನಿಯ ಕರಕರ ತಗ್ಗಿಸಬೇಕು. ಆಮೇಲೆ ಡಿವಿಡಿಯ ಮಾತು. ನಮ್ಮ ಕಡೆಯ ಹೆಂಗಸರು ಜೋಳ ಹಸನು ಮಾಡಿದಂತೆಯೇ ಇದು. ಕೈ ಅತಿಯಾದರೆ ಕಲ್ಲಿನ ಜೊತೆ ಕಾಳೂ ಹೋಗುತ್ತದೆ. ಮುಖಗಳು ಮೇಣದ ಗೊಂಬೆಗಳಾಗುತ್ತವೆ. ಹಾಗೆಂದು ಸುಮ್ಮನಿದ್ದರೆ ಎಲ್ಲವೂ ಹೋಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಇನ್ನು ಬಣ್ಣದ ಮಾತು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದವು. ಜೇವರ್ಗಿಯ ಟೆಂಟಿನಲ್ಲಿ ರಾಜ್‌ಕುಮಾರರನ್ನು ಕಪ್ಪುಬಿಳುಪಿನಲ್ಲಿ ನೋಡಿದ್ದ ಅವ್ವ, ಬಣ್ಣದ ‘ಕಸ್ತೂರಿ ನಿವಾಸ’ ನೋಡಿ ನಕ್ಕಳು: “ಆವಾಗ ನಾನೇ ಮನಸಿನಾಗ ಬಣ್ಣ ಹಚಕೊಂಡು ನೋಡಿದ್ದೆ. ಈಗ ಅವರು ಹಚ್ಯಾರ, ಅಷ್ಟ.” ಆ ಸಂತೋಷವನ್ನು ತಪ್ಪು ಎನ್ನಲಾರೆ. ಕಪ್ಪುಬಿಳುಪಿನ ಪ್ರತಿಯೂ ಪಕ್ಕದಲ್ಲಿ ಭದ್ರವಾಗಿದ್ದರೆ ಬಣ್ಣದಿಂದ ಯಾರಿಗೂ ನಷ್ಟವಿಲ್ಲ. ಮೂಲವನ್ನು ಮರೆಸಲು ಹಾಕಿದ ಬಣ್ಣದ ಕಥೆಯೇ ಬೇರೆ.

ಅಂಥ ಒಂದು ಬಣ್ಣ ನಮ್ಮ ಮನೆತನದಲ್ಲಿಯೇ ಇದೆ. ಅಫಜಲಪುರದ ನಮ್ಮ ದೊಡ್ಡಮ್ಮ ಇಪ್ಪತ್ತರೊಳಗೇ ಗಂಡನನ್ನು ಕಳೆದುಕೊಂಡವಳು. ನಲವತ್ತು ವರ್ಷ ಬರಿಹಣೆಯಲ್ಲಿ, ಅಡಿಗೆಮನೆಯ ಹೊಗೆಯಲ್ಲಿ ಬದುಕಿದಳು. ಮದುವೆ ಮುಂಜಿಗಳಲ್ಲಿ ಎದುರಿಗೆ ಬಾರದಂತೆ ಹಿಂದೆ ನಿಂತಳು. ಅವಳು ತೀರಿಕೊಂಡ ಮೇಲೆ, ಇದ್ದ ಒಂದೇ ಫೋಟೋವನ್ನು ಆಳಂದದ ಸ್ಟುಡಿಯೋ ಒಂದಕ್ಕೆ ಕೊಟ್ಟು ದೊಡ್ಡದು ಮಾಡಿಸಿದರು. ಹಣೆಗೆ ಕಾಸಿನಗಲ ಕುಂಕುಮ, ಕೈಗೆ ಹಸಿರು ಬಳೆ ಬರೆಸಿದರು. “ಎಷ್ಟು ಲಕ್ಷಣ ಕಾಣ್ತಾಳ!” ಎಂದರು ಎಲ್ಲರೂ. ಪ್ರೀತಿಯಿಂದಲೇ ಮಾಡಿದ್ದು, ಒಪ್ಪುತ್ತೇನೆ. ಆದರೆ ಇದ್ದಾಗ ನಲವತ್ತು ವರ್ಷ ಕೊಡದ ಕುಂಕುಮವನ್ನು ಸತ್ತ ಮೇಲೆ ಕುಂಚದಿಂದ ಕೊಟ್ಟರೆ ಅದು ಯಾರ ಸಮಾಧಾನಕ್ಕೆ? ಆ ಪಟ ನೋಡಿ ಬೆಳೆದ ಮೊಮ್ಮಕ್ಕಳು “ಅವಳ ಹಣೆ ಯಾಕೆ ಬರಿದಾಗಿತ್ತು?” ಎಂದು ಎಂದಾದರೂ ಕೇಳಿಯಾರೆ?

ಇಲ್ಲಿ ನನಗೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ನೆನಪಾಗುತ್ತದೆ. ಅನಂತಮೂರ್ತಿಯವರ ಕಥೆ ಆಧರಿಸಿ 1977ರಲ್ಲಿ ಬಂದ ಈ ಕಪ್ಪುಬಿಳುಪು ಚಿತ್ರದಲ್ಲಿ, ಬದುಕಿರುವ ವಿಧವೆ ಯಮುನಾಳಿಗೆ ಹೆತ್ತ ತಂದೆಯೇ ಶ್ರಾದ್ಧ ಮಾಡುತ್ತಾನೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಸೇರಿ ಅದನ್ನು ದುರಸ್ತಿ ಮಾಡಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಮತ್ತೆ ಪ್ರದರ್ಶನಗೊಂಡಿತು. ಅಲ್ಲಿ ಅಳಿಸಿದ್ದು ರೀಲಿನ ಗೀರುಗಳನ್ನು. ಯಮುನಾಳ ಬೋಳಿಸಿದ ತಲೆ ಹಾಗೆಯೇ ಇದೆ.

ಕಾಲ ಹಚ್ಚಿದ ಕಲೆಯನ್ನು ತೆಗೆಯುವುದು ಸೇವೆ. ಮನುಷ್ಯರು ಮಾಡಿದ್ದರ ಮೇಲೆ ಬಣ್ಣ ಬಳಿಯುವುದು ಬೇರೆಯೇ ಕೆಲಸ. ಸಿನಿಮಾದವರಿಗೆ ಈ ವ್ಯತ್ಯಾಸ ತಿಳಿಸಿಕೊಡಲು ಪರಿಣತರಿದ್ದಾರೆ. ಮನೆಮನೆಯ ಗೋಡೆಯ ಪಟಗಳಿಗೆ ನಾವೇ ಪರಿಣತರಾಗಬೇಕಷ್ಟೆ.