ಅಪರಿಚಿತರ ಗಾಡಿ

ಪಶ್ಚಿಮ ದೇಶಗಳಲ್ಲಿ ದಾರಿಹೋಕನು ಪರರ ಗಾಡಿಯಲ್ಲಿ ಒಂದಿಷ್ಟು ಜಾಗ ಬೇಡುವುದು ಹೆಬ್ಬೆರಳನ್ನೆತ್ತಿ. ನಮ್ಮಲ್ಲಿ ಆ ವಾಡಿಕೆ ಇಲ್ಲ. ನಾವು ಕೈ ಅಡ್ಡ ಹಿಡಿಯುತ್ತೇವೆ. ಹೆಬ್ಬೆರಳಿನ ವಿಷಯದಲ್ಲಿ ನಮ್ಮ ನೆನಪುಗಳು ಅಷ್ಟೇನೂ ಹಿತವಾದುವಲ್ಲ, ಅದಕ್ಕೇ ಹೀಗಿರಬಹುದು ಎಂದು ನಾನು ಒಮ್ಮೊಮ್ಮೆ ತಮಾಷೆಗೆ ಯೋಚಿಸುವುದುಂಟು. ಏಕಲವ್ಯ ಗುರುವನ್ನು ನಂಬಿ ಹೆಬ್ಬೆರಳನ್ನೇ ಕಳೆದುಕೊಂಡ. ನಮ್ಮ ಹಳ್ಳಿಯ ರೈತ ಸಾಹುಕಾರನನ್ನು ನಂಬಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ. ನಂಬುವುದೆಂದರೆ ಏನನ್ನಾದರೂ ಒತ್ತೆಯಿಡುವುದು. ಗುರುತಿಲ್ಲದವನ ಗಾಡಿ ಹತ್ತುವವನು ಒತ್ತೆಯಿಡುವುದು ತನ್ನ ಪ್ರಾಣವನ್ನೇ. ಅದು ಧೈರ್ಯವೋ, ಅವಿವೇಕವೋ, ಅಥವಾ ಮನುಷ್ಯನು ಮನುಷ್ಯನಿಗೆ ಸಲ್ಲಿಸಬೇಕಾದ ಮರ್ಯಾದೆಯೋ?

ಬಸ್ಸು ಕೆಟ್ಟು ನಿಂತಾಗ, ಕೊನೆಯ ರೈಲು ತಪ್ಪಿದಾಗ ನಾನು ಹತ್ತಿದ ಪರರ ಗಾಡಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಎರಡನ್ನು ಮಾತ್ರ ಮರೆಯುವಂತಿಲ್ಲ. 1979ರ ಆಷಾಢದಲ್ಲಿ ಮಂಗಳೂರಿಗೆ ಹೊರಟಿದ್ದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿಳಿಯುವಾಗ ನಮ್ಮ ಬಸ್ಸು ನಿಂತುಬಿಟ್ಟಿತು. ರಾತ್ರಿ ಹತ್ತು ಗಂಟೆ; ಕೊಡೆಗೂ ಬಗ್ಗದ ಮಳೆ. ಬೆಳಗಾಗುವಷ್ಟರಲ್ಲಿ ನಾನು ಮಂಗಳೂರಿನಲ್ಲಿರಲೇಬೇಕಾಗಿತ್ತು. ಕೊನೆಗೆ ಅಕ್ಕಿ ಮೂಟೆ ಹೇರಿಕೊಂಡ ಲಾರಿಯೊಂದು ನಿಂತಿತು. ಡ್ರೈವರು ಟಾರ್ಚು ಬಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕೈಚೀಲ ಬಿಚ್ಚಿಸಿ ನೋಡಿದ. ಆಮೇಲೆ ಕ್ಲೀನರ್ ಹುಡುಗನನ್ನು ನಡುವೆ ಕೂರಿಸಿ ನನ್ನನ್ನು ಬಾಗಿಲ ಬದಿಗೆ ಹತ್ತಿಸಿಕೊಂಡ. "ಕೈ ಎರಡೂ ಮೊಣಕಾಲ ಮೇಲೆ ಇಟ್ಕೊಳಿ ಸ್ವಾಮಿ, ಬೇಜಾರು ಮಾಡ್ಕೋಬೇಡಿ" ಎಂದ. ಅಲ್ಲಿಯವರೆಗೆ ನಾನು ಆತನಿಗೆ ಅಂಜುತ್ತಿದ್ದೆ. ಆತನೂ ನನಗೆ ಅಂಜುತ್ತಿದ್ದನೆಂಬುದು ಆಗ ತಿಳಿಯಿತು.

ಗುಂಡ್ಯದಲ್ಲಿ ಚಹಾಕ್ಕೆ ಇಳಿದಾಗ ಕಾರಣವನ್ನೂ ಹೇಳಿದ. ಎರಡು ವರ್ಷದ ಹಿಂದೆ ಹೀಗೆಯೇ ಹತ್ತಿಸಿಕೊಂಡವನೊಬ್ಬ ಚೂರಿ ತೋರಿಸಿ ಬಾಡಿಗೆಯ ಹಣವನ್ನೆಲ್ಲ ಕಿತ್ತುಕೊಂಡು ಇಳಿದುಹೋಗಿದ್ದನಂತೆ. "ಮತ್ತೆ ನನಗೇಕಪ್ಪ ನಿಲ್ಲಿಸಿದೆ?" ಎಂದು ಕೇಳಿದೆ. "ಅವನು ಮಾಡಿದ್ದಕ್ಕೆ ನೀವು ನೆನೀಬೇಕಾ ಸ್ವಾಮಿ?" ಎಂದ.

ಒಬ್ಬನ ಅಪರಾಧದ ದಂಡವನ್ನು ಇನ್ನೊಬ್ಬನಿಂದ ವಸೂಲು ಮಾಡಬಾರದೆಂಬ ನ್ಯಾಯವನ್ನು ಇದಕ್ಕಿಂತ ಸರಳವಾಗಿ ಹೇಳಿದವರನ್ನು ನಾನು ಕಾಣೆ. ಹಾಗೆಂದು ಆತ ಕಣ್ಣು ಮುಚ್ಚಿಕೊಂಡು ನಂಬಿದವನಲ್ಲ. ಚೀಲ ನೋಡಿಯೇ ಹತ್ತಿಸಿಕೊಂಡವನು. ಎಚ್ಚರವೇ ಬೇರೆ, ಸಂಶಯವೇ ಬೇರೆ. ಎಚ್ಚರಕ್ಕೆ ಎದುರಿಗಿರುವವನ ಮುಖ ಕಾಣಬೇಕು, ಅದಕ್ಕಾಗಿ ಅದು ಟಾರ್ಚು ಬಿಡುತ್ತದೆ. ಸಂಶಯಕ್ಕೆ ಮುಖ ಬೇಕಾಗಿಲ್ಲ. ಅದು ನೋಡುವ ಮೊದಲೇ ತೀರ್ಮಾನ ಮಾಡಿ ಗಾಡಿಯ ವೇಗ ಹೆಚ್ಚಿಸುತ್ತದೆ.

ಎರಡನೆಯದು ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವಾಗ, 1986ರಲ್ಲಿ. ಇಸ್ತ್ರಿ ಕೆಡದ ಉಡುಪಿನ ಸಭ್ಯ ಗೃಹಸ್ಥರೊಬ್ಬರು ತಾವಾಗಿಯೇ ಕಾರು ನಿಲ್ಲಿಸಿ ಕರೆದರು. ಹತ್ತು ನಿಮಿಷ ಕಳೆಯುವುದರೊಳಗೆ ಅವರು ಕುಡಿದಿರುವುದು ಸ್ಪಷ್ಟವಾಯಿತು. ಇಳಿಯುತ್ತೇನೆಂದೆ. ಅದನ್ನು ಅಪಮಾನವೆಂದು ಬಗೆದು ಅವರು ಇನ್ನೂ ಜೋರಾಗಿ ಓಡಿಸಿದರು. ಭರಮಸಾಗರದಲ್ಲಿ ಎತ್ತಿನ ಗಾಡಿಗಳು ಅಡ್ಡ ಬಂದು ಕಾರು ನಿಂತಿತು, ನಾನು ಬದುಕಿಕೊಂಡೆ. ವೇಷ ನೋಡಿ ಮನುಷ್ಯನನ್ನು ಅಳೆಯಬಾರದೆಂಬ ಹಿರಿಯರ ಮಾತು ಎರಡು ಕಡೆಗೂ ಕೊಯ್ಯುವಂಥದು.

ಅಪಾಯ ನಿಜ. ಇದಕ್ಕಿಂತ ಘೋರವಾದುದೂ ನಡೆದಿದೆ. ಆಸ್ಟ್ರೇಲಿಯದ ಬೆಲಾಂಗ್ಲೊ ಕಾಡಿನಲ್ಲಿ 1992 ಮತ್ತು 1993ರಲ್ಲಿ ಏಳು ಮಂದಿ ತರುಣ ಪ್ರವಾಸಿಗರ ಶವಗಳು ಸಿಕ್ಕವು. ದಾರಿಯಲ್ಲಿ ಗಾಡಿ ಹತ್ತಿಸಿಕೊಂಡು ಕೊಲ್ಲುತ್ತಿದ್ದವನಿಗೆ 1996ರಲ್ಲಿ ಶಿಕ್ಷೆಯಾಯಿತು. ಅದೇ ಲೋಕದಲ್ಲಿ ಇದಕ್ಕೆ ತೀರ ವಿರುದ್ಧವಾದ ಕಥೆಯೂ ಇದೆ. 1961ರಲ್ಲಿ ಅಣ್ವಸ್ತ್ರಗಳನ್ನು ವಿರೋಧಿಸಿದ್ದಕ್ಕಾಗಿ ವೃದ್ಧ ಬರ್ಟ್ರಂಡ್ ರಸೆಲ್ಲರನ್ನು ಸೆರೆಯಲ್ಲಿಟ್ಟ ಸುದ್ದಿಯನ್ನು ನಮ್ಮ ಬೆಂಗಳೂರಿನಲ್ಲೇ ಕಾಫಿ ಕುಡಿಯುತ್ತ ಓದಿದ ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್ ಎಂಬ ತರುಣರು, ಮರುವರ್ಷ ದೆಹಲಿಯಿಂದ ಮಾಸ್ಕೋ, ಪ್ಯಾರಿಸ್, ಲಂಡನ್ ದಾರಿಯಾಗಿ ವಾಷಿಂಗ್ಟನ್ನಿನ ಕಡೆಗೆ ನಡೆದೇ ಹೊರಟರು. ಹಣ ಒಯ್ಯಬೇಡಿ ಎಂದು ವಿನೋಬಾ ಹೇಳಿದ್ದರು. ಪಾಕಿಸ್ತಾನದ ಗಡಿಯಲ್ಲಿ ಸ್ನೇಹಿತರು ಕೊಟ್ಟ ಊಟದ ಪೊಟ್ಟಣಗಳನ್ನು ಕೂಡ ಸತೀಶ್ ಕುಮಾರ್ ಬೇಡವೆಂದರಂತೆ. ಅವು ಅನ್ನದ ಪೊಟ್ಟಣಗಳಲ್ಲ, ಅಪನಂಬಿಕೆಯ ಪೊಟ್ಟಣಗಳೆಂಬುದು ಅವರ ಭಾವನೆ. ಗುರುತಿಲ್ಲದವರ ಮನೆಗಳಲ್ಲಿ ಉಂಡು, ಮಲಗಿ, ಅವರು ಗುರಿ ಮುಟ್ಟಿದರು.

ಈ ಕಥೆಯನ್ನೂ ನನ್ನ ಲಾರಿಯ ಕಥೆಯನ್ನೂ ನಾನು ಒಂದು ದಿನ ಮನೆಯಲ್ಲಿ ಉತ್ಸಾಹದಿಂದ ಹೇಳುತ್ತಿದ್ದೆ. ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಮನೆಗೆ ಬರುವ ಮಗಳು ಎಲ್ಲವನ್ನೂ ಕೇಳಿ, "ಅಪ್ಪಾ, ಆ ಘಾಟಿಯಲ್ಲಿ ನೀನಲ್ಲ, ನಾನು ನಿಂತಿದ್ದರೆ? ಲಾರಿ ಹತ್ತು ಅಂತಿದ್ದೆಯಾ?" ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಇದ್ದ ಒಂದೇ ಉತ್ತರವನ್ನು ಹೇಳುವ ಮನಸ್ಸಾಗಲಿಲ್ಲ. ಲೋಕವನ್ನು ನಂಬಬೇಕೆಂದು ಉಪದೇಶ ಮಾಡುವುದು ಸುಲಭ. ಆದರೆ ಆ ನಂಬಿಕೆಗೆ ಎಲ್ಲರೂ ತೆರುವ ಬೆಲೆ ಒಂದೇ ಅಲ್ಲ. ಮೋಸಹೋದರೆ ನಾನು ಕಳೆದುಕೊಳ್ಳುವುದು ಜೇಬಿನ ಹಣ. ಅವಳು ಕಳೆದುಕೊಳ್ಳುವುದು ಏನೆಂದು ಪ್ರತಿಯೊಬ್ಬ ತಂದೆಗೂ ಗೊತ್ತು. ತಾನು ಇಡದ ಒತ್ತೆಯನ್ನು ಇನ್ನೊಬ್ಬರು ಇಡಲಿ ಎನ್ನುವುದು ಔದಾರ್ಯವಲ್ಲ.

ಹಾಗಾದರೆ ಗುರುತಿಲ್ಲದವರ ಗಾಡಿ ಹತ್ತಲೇಬಾರದೆಂಬುದು ನಿಯಮವಾಗಬೇಕೆ? ಇದೇ ಮಗಳು ದಿನವೂ ಫೋನಿನಲ್ಲಿ ಕರೆಸಿದ ಟ್ಯಾಕ್ಸಿಯಲ್ಲಿ ಮನೆಗೆ ಬರುತ್ತಾಳೆ. ಆ ಡ್ರೈವರು ಅವಳಿಗೇನು ಬಂಧುವೆ? ಅವನೂ ಅಪರಿಚಿತನೇ. ಆದರೆ ಗಾಡಿಯ ನಂಬರು, ಹೋಗುವ ದಾರಿ ಮೂರನೆಯವರೊಬ್ಬರಿಗೆ ತಿಳಿದಿದೆ. ಅಂದರೆ ಅವಳು ನಂಬಿರುವುದು ಆ ಮನುಷ್ಯನನ್ನಲ್ಲ, ಅವನ ಹಿಂದಿರುವ ಏರ್ಪಾಡನ್ನು. ಅದೂ ಪೂರ್ತಿ ಅಭಯವಲ್ಲ. ಬಾಡಿಗೆಗೆ ಕಾಸಿದ್ದವರಿಗೆ ಸಿಗುವಷ್ಟು ಅಭಯ.

ಕಾಸಿಲ್ಲದೆಯೂ ಇಂಥ ಏರ್ಪಾಡು ಸಾಧ್ಯ. ಅಮೆರಿಕದ ವಾಷಿಂಗ್ಟನ್ನಿನ ಸುತ್ತ 1970ರ ದಶಕದಲ್ಲಿ ಒಂದು ಪದ್ಧತಿ ಹುಟ್ಟಿಕೊಂಡಿತು. ಅಲ್ಲಿ ನಿಗದಿಯಾದಷ್ಟು ಜನರಿರುವ ಕಾರುಗಳಿಗೆ ಬೇಗ ಸಾಗುವ ಪ್ರತ್ಯೇಕ ಹಾದಿಯುಂಟು. ಅದಕ್ಕಾಗಿ ಕಾರಿನವರು ಗೊತ್ತಾದ ಜಾಗದಲ್ಲಿ ಸಾಲುಗಟ್ಟಿ ನಿಂತ ಅಪರಿಚಿತರನ್ನು ಹತ್ತಿಸಿಕೊಂಡು ಕಚೇರಿಯ ಕಡೆಗೆ ಹೋಗುತ್ತಾರೆ. ದುಡ್ಡಿನ ಮಾತಿಲ್ಲ. ಯಾವ ಸರಕಾರವೂ ಬರೆಯದ ಕಟ್ಟಳೆಗಳು ಅಲ್ಲಿ ತಾವಾಗಿ ಬೆಳೆದಿವೆ. ಅವುಗಳಲ್ಲಿ ಒಂದು ನನಗೆ ಬಹಳ ಮೆಚ್ಚಿಗೆ: ಸಾಲಿನಲ್ಲಿ ಹೆಂಗಸೊಬ್ಬಳನ್ನೇ ಒಂಟಿಯಾಗಿ ಬಿಟ್ಟು ಹೋಗಬಾರದು. ಧೈರ್ಯವಾಗಿರು ಎಂದು ಆಕೆಗೆ ಬುದ್ಧಿ ಹೇಳುವ ಬದಲು, ಅಲ್ಲಿ ಉಳಿದವರು ತಮ್ಮ ನಡತೆಯನ್ನು ತಿದ್ದಿಕೊಂಡಿದ್ದಾರೆ.

ನಮ್ಮ ಏರ್ಪಾಡು ಕೊಡುವವನ ಪಕ್ಷದಲ್ಲೂ ಇಲ್ಲ. ಸರಕಿನ ಗಾಡಿಯಲ್ಲಿ ಪುಕ್ಕಟೆ ಕುಳಿತವನಿಗೆ ಅಪಘಾತವಾದರೆ ಪರಿಹಾರದ ಹೊಣೆ ವಿಮಾ ಕಂಪೆನಿಯದಲ್ಲ, ಗಾಡಿಯ ಮಾಲಿಕನದೇ ಎಂದು ಸುಪ್ರೀಂ ಕೋರ್ಟು 2004ರಲ್ಲಿ ತೀರ್ಪಿತ್ತಿದೆ. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇದ್ದೀತು. ಆದರೂ ಮಳೆಯಲ್ಲಿ ನಿಂತವನಿಗಾಗಿ ಬ್ರೇಕು ಒತ್ತುವ ಡ್ರೈವರು ತನಗರಿವಿಲ್ಲದೆಯೇ ಎಷ್ಟೊಂದನ್ನು ಒತ್ತೆಯಿಡುತ್ತಾನೆಂಬುದನ್ನು ಹತ್ತುವವರು ನೆನೆಯಬೇಕು.

ಆದುದರಿಂದ ನನಗೆ ತೋರುವುದು ಇಷ್ಟು. ನಂಬಿಕೆ ಒಂದು ಹೊರೆ. ಅದನ್ನು ಎಲ್ಲರ ತಲೆಯ ಮೇಲೂ ಸಮನಾಗಿ ಹೊರಿಸಲಾಗದು. ಯಾರಿಗೆ ಕಳೆದುಕೊಳ್ಳುವುದು ಕಡಿಮೆಯೋ ಅವರು ಮೊದಲು ಹೊರಬೇಕು: ಮೊದಲು ಗಾಡಿ ನಿಲ್ಲಿಸಬೇಕು, ಮೊದಲು ತಮ್ಮ ಗುರುತು ಹೇಳಬೇಕು, ನಂಬರು ಬರೆದುಕೊಂಡು ಮನೆಗೆ ತಿಳಿಸಿ ಎಂದು ತಾವಾಗಿಯೇ ಹೇಳಬೇಕು. ಇಷ್ಟೆಲ್ಲ ಮಾಡಿದ ಮೇಲೂ, ಕತ್ತಲೆಯಲ್ಲಿ ಒಂಟಿಯಾಗಿ ನಿಂತ ಹೆಣ್ಣುಮಗಳು "ಬೇಡ" ಎಂದರೆ, ಅದು ನಮಗೆ ಮಾಡಿದ ಅಪಮಾನವಲ್ಲ. ದೀಪವಿರುವ ಕಡೆ ಗಾಡಿಯನ್ನು ದೂರ ನಿಲ್ಲಿಸಿಕೊಂಡು, ಅವಳ ಬಸ್ಸು ಬರುವವರೆಗೆ ಕಾದು, ಆಮೇಲೆ ನಮ್ಮ ದಾರಿ ಹಿಡಿಯಬಹುದು.