ಗು ಕಿವಿಗೆ, ರು ಕಣ್ಣಿಗೆ

‘ಗು’ ಎಂದರೆ ಕತ್ತಲೆ, ‘ರು’ ಎಂದರೆ ಅದನ್ನು ಕಳೆಯುವವನು: ಗುರು ಪದವನ್ನು ನಮ್ಮಲ್ಲಿ ಹೀಗೆ ಬಿಡಿಸುವುದು ರೂಢಿ. ಇದೇ ಸಂಸ್ಕೃತ ಪದ ಕಡಲು ದಾಟಿ ಇಂಡೊನೇಷ್ಯಾದ ಜಾವಾ ದ್ವೀಪಕ್ಕೂ ಹೋಯಿತು. ಅಲ್ಲಿನ ಮುಸ್ಲಿಮರು ಇಂದಿಗೂ ಮೇಷ್ಟ್ರನ್ನು ಗುರು ಎಂದೇ ಕರೆಯುತ್ತಾರೆ. ಆದರೆ ಬಿಡಿಸುವ ಬಗೆ ಬೇರೆ: ‘ದಿಗುಗು ಲಾನ್ ದಿತಿರು’. ಯಾರ ಮಾತನ್ನು ನಂಬುತ್ತಾರೋ, ಯಾರ ನಡೆಯನ್ನು ನೋಡಿ ಹಾಗೆಯೇ ನಡೆಯುತ್ತಾರೋ ಅವನು ಗುರು. ನಮ್ಮದರಂತೆ ಇದೂ ವ್ಯಾಕರಣಕ್ಕಿಂತ ಅನುಭವ ಕಟ್ಟಿದ ಅರ್ಥ. ಗು ಕಿವಿಗೆ ಸೇರಿದ್ದು, ರು ಕಣ್ಣಿಗೆ.

ಅಲ್ಲಿನ ‘ಪೆಸಾಂತ್ರೆನ್’ ಎಂಬ ವಸತಿ ಮದರಸಾಗಳಲ್ಲಿ ‘ಸೊರೊಗನ್’ ಎಂಬ ಪಾಠಕ್ರಮವಿದೆ. ಹುಡುಗರು ಒಬ್ಬೊಬ್ಬರಾಗಿ ಕಿತಾಬು ಹಿಡಿದು ಗುರುವಿನ ಎದುರು ಕೂತು ಓದಿ ಒಪ್ಪಿಸಬೇಕು. ಕುರ್‌ಆನ್ ಪಠಣದಲ್ಲೂ ಅಷ್ಟೆ; ಯಾವ ಅಕ್ಷರ ಗಂಟಲಿನದು, ಯಾವುದು ತುಟಿಯದು ಎಂಬುದನ್ನು ಗುರುವಿನ ಬಾಯಿ ನೋಡಿಯೇ ಕಲಿಯುವುದು. ಪಾಠ ಮುಗಿದ ಮೇಲೆ ಬಾಗಿ ಅವರ ಕೈಗೆ ಮುತ್ತಿಡುವುದು ಸಂಪ್ರದಾಯ. ಅಖ್ಲಾಕ್, ಅಂದರೆ ಶೀಲದ ಪಾಠಕ್ಕೆ ಪುಸ್ತಕವೇನೋ ಇದೆ. ಆದರೆ ಗುರುಗಳು ಅಡುಗೆಯವನೊಡನೆ ಹೇಗೆ ಮಾತಾಡುತ್ತಾರೆ ಎಂಬುದು ಪುಸ್ತಕದಲ್ಲಿ ಸಿಗದು.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಇಂಡೊನೇಷ್ಯಾದ ಶಾಲೆಗಳು ಬಾಗಿಲು ಹಾಕಿದವು. ಗು ವಾಟ್ಸಾಪ್ ಹತ್ತಿ ಮನೆಗೆ ಬಂತು: ದನಿ ಬಂತು, ಹೋಂವರ್ಕ್ ಬಂತು. ರು ಹೊಸ್ತಿಲಾಚೆ ಉಳಿಯಿತು. ಕೈಗಿಡುವ ಮುತ್ತು ಸೋಂಕಿನ ದಾರಿಯಾಯಿತು, ತುಟಿ ಮಾಸ್ಕಿನ ಮರೆಗೆ ಹೋಯಿತು.

ಹಾಗೆಂದು ನೋಡಿ ಕಲಿಯಲು ಏನೂ ಇರಲಿಲ್ಲವೆಂದಲ್ಲ. ಪಿಡುಗು ಹಬ್ಬಿದ ಊರಿಗೆ ಹೋಗಬೇಡಿ, ಅಲ್ಲಿದ್ದರೆ ಬಿಟ್ಟು ಬರಬೇಡಿ ಎಂಬ ಪ್ರವಾದಿಗಳ ಬೋಧೆ ಮಕ್ಕಳಿಗೆ ಬರೀ ಕೇಳಿದ ಮಾತಾಗಿತ್ತು. ಮಾರ್ಚ್ 16ರಂದು ಅಲ್ಲಿನ ಉಲೇಮಾ ಮಂಡಳಿ, ಸೋಂಕಿನ ಅಪಾಯ ಹೆಚ್ಚಿರುವಲ್ಲಿ ಶುಕ್ರವಾರದ ಜುಮಾ ನಮಾಜ್ ಬಿಟ್ಟು ಮನೆಯಲ್ಲೇ ಮಧ್ಯಾಹ್ನದ ಝುಹರ್ ನಮಾಜ್ ಮಾಡಬಹುದೆಂದು ಫತ್ವಾ ಕೊಟ್ಟಿತು. ನೆರೆಯವನ ಜೀವ ಉಳಿಸಲು ಹಿರಿಯರು ತಮಗೆ ಪ್ರಿಯವಾದ ಮಸೀದಿಯ ಸಾಲನ್ನೇ ತೊರೆದು ಮನೆಯಲ್ಲಿ ನಿಂತದ್ದನ್ನು ಕಂಡ ಮಗುವಿಗೆ ಆ ಬೋಧೆ ಕಿವಿಯಿಂದ ಕಣ್ಣಿಗೆ ಇಳಿಯಿತು.

ಏಪ್ರಿಲ್ 24ಕ್ಕೆ ರಂಜಾನ್. ಅಲ್ಲಿ ಶಾಲೆಗಳು ಮಕ್ಕಳಿಗೆ ಒಂದು ರಂಜಾನ್ ಪುಸ್ತಕ ಕೊಡುವುದುಂಟು. ಉಪವಾಸ, ನಮಾಜುಗಳನ್ನು ಅದರಲ್ಲಿ ದಿನವಹಿ ಗುರುತು ಹಾಕಬೇಕು. ಮಸೀದಿಯಲ್ಲಿ ರಾತ್ರಿಯ ತರಾವೀಹ್ ನಮಾಜ್ ಮುಗಿದೊಡನೆ ಮಕ್ಕಳು ಇಮಾಮರ ಮುಂದೆ ಮುಗಿಬಿದ್ದು ರುಜು ಹಾಕಿಸಿಕೊಳ್ಳುತ್ತಾರೆ. ಆ ವರ್ಷ ತರಾವೀಹ್ ಮನೆಯಲ್ಲೇ ಆಗಲಿ ಎಂದು ಧಾರ್ಮಿಕ ವ್ಯವಹಾರಗಳ ಸಚಿವಾಲಯ ಸುತ್ತೋಲೆ ಹೊರಡಿಸಿತ್ತು. ಇಮಾಮರ ಜಾಗದಲ್ಲಿ ಅಪ್ಪ ನಿಂತ. ರುಜುವಿನ ಜಾಗವೂ ಅವನದೇ ಆಯಿತು.

ಗುರು ಪದದ ಎರಡನೆಯ ಅಕ್ಷರ ಮನೆಯ ಮೇಲೆ ಬಿದ್ದದ್ದು ಹೀಗೆ. ನಮಾಜೇ ಆಗದ ರಾತ್ರಿಗೂ ಅಪ್ಪ ರುಜು ಹಾಕಿಕೊಟ್ಟನೆನ್ನಿ. ಸುಳ್ಳಾಡಬಾರದೆಂಬ ಪಾಠಕ್ಕೆ ಮಗು ಫೋನಿನಲ್ಲೇ ಪೂರ್ತಿ ಅಂಕ ಗಳಿಸಿರಬಹುದು, ಅದು ಗು. ಆ ರುಜುವೇ ರು.