ಕೊಡುವ ಕೈ, ಕೊಳ್ಳುವ ಅಂಜಲಿ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಾಮಾಯಿಕ, ಪ್ರೋಷಧೋಪವಾಸಗಳೊಡನೆ ವೈಯಾವೃತ್ಯವನ್ನೂ ಶಿಕ್ಷಾವ್ರತಗಳಲ್ಲಿ ಎಣಿಸಿದ್ದಾರೆ. ಏಕಾಂತ ಸಾಧನೆಯೂ ಸೇವೆಯೂ ಒಬ್ಬನೇ ಶ್ರಾವಕನ ವ್ರತಗಳೆಂಬುದು ಇದರ ತಾತ್ಪರ್ಯ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಧರ್ಮಬಂಧುಗಳು ಇದನ್ನು ಪರ್ವದಿನಗಳಲ್ಲಿ ವಿಶೇಷವಾಗಿ ಸ್ಮರಿಸಬೇಕು. ಅಷ್ಟಮಿ, ಚತುರ್ದಶಿಗಳಂದು ಉಪವಾಸಿಗಳ ಸೇವೆಗೆಂದು ಓಡಾಡುತ್ತ ಎರಡು ಘಳಿಗೆಯ ಸಾಮಾಯಿಕವನ್ನೇ ಬಿಟ್ಟವನಲ್ಲಿ 'ನಾನು ಮಾಡಿದೆ'ನೆಂಬ ಮಾನಕಷಾಯ ಬೆಳೆಯುತ್ತದೆ. ಮನೆಯ ರೋಗಿ ನೀರಿಗಾಗಿ ಕಾದಿರಲು ಜಪಕ್ಕೆ ಕುಳಿತವನಲ್ಲಿ ದಯೆ ಬತ್ತುತ್ತದೆ.

ಇವೆರಡಕ್ಕಿಂತ ಕಠಿನವಾದುದು ಸ್ವೀಕಾರ. ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತು, ಯಾಚಿಸದೆ, ಪಾಣಿಪಾತ್ರದಲ್ಲಿ ಆಹಾರ ಸ್ವೀಕರಿಸುತ್ತಾರೆ. ಅದರಲ್ಲಿ ದೈನ್ಯವಿಲ್ಲ, ಆಸೆಯೂ ಇಲ್ಲ. ಜೀವನವೆಲ್ಲ ಕೊಟ್ಟೇ ಬಾಳಿದ ಹಿರಿಯನು ಪಾರಣೆಯ ದಿನ ಸೊಸೆಯಿತ್ತ ಗಂಜಿಗೆ ಸಂಕೋಚಪಟ್ಟರೆ, ಅದು ವಿರಕ್ತಿಯಲ್ಲ. ಉಪವಾಸದಲ್ಲೂ ಕರಗದೆ ಉಳಿದ ಅಭಿಮಾನ. ಅದನ್ನು ತ್ಯಜಿಸುವುದೇ ಆ ದಿನದ ನಿಜವಾದ ಪಾರಣೆ.